ದೋಣಿಯ ಕೆಳಗಿನ ಒಂದೆಲಗ

ಪದ್ಮನಾಭನಿಗೆ ದೋಣಿಯ ಹುಚ್ಚು ಹಿಡಿದ ಮೇಲೆ ಅಂಬುಜಾಳ ಅಡುಗೆಮನೆಯಲ್ಲಿ ಅವನು ಬೆರಳಿನಿಂದ ತಟ್ಟಿ ನೋಡದ ಸಾಮಾನು ಒಂದೂ ಉಳಿಯಲಿಲ್ಲ. ಬಾಗಿಲು ತಟ್ಟಿದ, ಊಟದ ಮಣೆ ತಟ್ಟಿದ, ಒರಳಿನ ಪಕ್ಕ ಬೋರಲು ಹಾಕಿದ್ದ ಹಲಸಿನ ಮರದ ಮರಿಗೆಯನ್ನೂ ಬಿಡಲಿಲ್ಲ.

"ಕೇಳಿಸ್ತಾ ಅಂಬೂ? ಟಣ್ ಅಂತು. ಇದು ಗಟ್ಟಿ ಮರ. ಈಗ ಈ ಮೂಲೆ ಕೇಳು. ಡಬ್! ಒಳಗೆ ನೀರು ಕುಡಿದುಬಿಟ್ಟಿದೆ. ಹಳೇ ದೋಣೀನೂ ಹೀಗೇ ತಟ್ಟಿ ನೋಡ್ಬೇಕಂತೆ."

"ಆ ಮರಿಗೇನ ನಿಮ್ಮ ಚಿಕ್ಕ ಮಗಳು ಮಳೇಲಿ ಬಿಟ್ಟಿದ್ಲು. ತಟ್ಟದೇನೇ ನಾನು ಹೇಳ್ತಿದ್ದೆ," ಎಂದಳು ಅಂಬುಜಾ, ರುಬ್ಬುವ ಕೈ ನಿಲ್ಲಿಸದೆ.

ಪದ್ಮನಾಭ ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ದೊಡ್ಡ ಹಲಗೆಯ ಮೇಲೆ ಬಗ್ಗಿ ಯಂತ್ರದ ಭಾಗಗಳ ನಕ್ಷೆ ಬರೆಯುವುದು ಅವನ ಕೆಲಸ. ಆದರೆ ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಶಾಲೆಗೆ ಹೋಗುವ ಮೊದಲು ಹೊಳೆ, ಶಾಲೆ ಬಿಟ್ಟ ಮೇಲೂ ಹೊಳೆ. ಹರಿಗೋಲಿನವರು ಆಚೆ ದಡಕ್ಕೆ ಹೊರಟರೆ ಇವನೂ ಅದರಲ್ಲಿ ಒಬ್ಬ. ಬೆಂಗಳೂರಿಗೆ ಬಂದ ಮೇಲೆ ಅವನ ಪಾಲಿನ ನೀರೆಂದರೆ ಬೆಳಗಿನ ಜಾವ ನಲ್ಲಿಯಲ್ಲಿ ಬಂದು, ಡ್ರಮ್ಮು ತುಂಬುವುದರೊಳಗೆ ನಿಂತುಹೋಗುವ ನೀರು ಅಷ್ಟೆ. ಅದಕ್ಕಾಗಿ ಅವನು ಯಾರ ಮೇಲೂ ಗೊಣಗಿದವನಲ್ಲ. ಮದುವೆಯಾದಾಗಿನಿಂದ ತನಗೆಂದು ಏನನ್ನೂ ಕೇಳಿದವನೂ ಅಲ್ಲ. ಹಬ್ಬಕ್ಕೆ ಒಂದು ಅಂಗಿ ಹೊಲಿಸಿಕೊಳ್ಳಿ ಎಂದರೆ "ಇರೋದು ಹರಿದಿಲ್ವಲ್ಲ" ಎನ್ನುತ್ತಿದ್ದ.

ಅಂಥವನು ಒಂದು ಸಂಜೆ ಟಿಫನ್ ಕ್ಯಾರಿಯರ್ ಕೆಳಗಿಡುವ ಮೊದಲೇ, "ಅಂಬೂ, ಕೆಂಗೇರೀಲಿ ಮುನಿರಾಜು ಅಂತ ಒಬ್ರ ಹತ್ರ ಹಳೇ ಮೋಟಾರು ದೋಣಿ ಇದೆಯಂತೆ, ಮಾರ್ತಾರಂತೆ," ಎಂದ. ಅವನ ಮುಖದಲ್ಲಿ ಅಂಥ ಕಳೆಯನ್ನು ಅವಳು ದೊಡ್ಡ ಮಗಳು ಹುಟ್ಟಿದ ದಿನ ನೋಡಿದ್ದಳು.

"ದೋಣಿ ಇಟ್ಕೊಂಡು ಏನ್ಮಾಡ್ತೀರಿ?"

"ಭಾನುವಾರ ಅದರಲ್ಲಿ ಕೂತ್ಕೊಳ್ತೀನಿ."

"ಮಿಕ್ಕ ದಿನ?"

"ಭಾನುವಾರ ಕೂತಿದ್ದನ್ನ ನೆನಸ್ಕೊಳ್ತೀನಿ."

ಬೇಡ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಆದರೆ ಅವನು ಅಷ್ಟರಲ್ಲೇ ಮಕ್ಕಳಿಬ್ಬರನ್ನೂ, ಪ್ರಭಾಳನ್ನೂ ಸೀತಾಳನ್ನೂ, ತೊಡೆಯ ಮೇಲೆ ಕೂರಿಸಿಕೊಂಡು, ದೋಣಿ ನೀರಿಗಿಳಿದ ದಿನ ಮೊದಲು ಕೂರುವವರು ನೀವೇ ಎಂದು ಮಾತು ಕೊಟ್ಟುಬಿಟ್ಟಿದ್ದ. ಇಬ್ಬರಿಗೂ ಈಜು ಬರದು. ಅಂಬುಜಾಳ ಎದೆಯಲ್ಲಿ ಒಂದು ಮುಳ್ಳು ಆಡಿದ್ದು ಆಗ.

"ದೋಣಿ ಬರಲಿ ರೀ. ನಿಮಗೊಂದು ದೋಣಿ ಬೇಕೇ ಬೇಕು ಅಂತ ನನಗೂ ಅನ್ನಿಸ್ತಿದೆ," ಎಂದಳು. "ಆದ್ರೆ ನನ್ನ ಮಕ್ಕಳು ಕೂರೋ ದೋಣಿ ಅದು. ನಾನೂ ಬಂದು ಕಣ್ಣಾರೆ ನೋಡ್ಬೇಕು."

"ಬಾ, ಬಾ. ಆದ್ರೆ ಏನು ನೋಡ್ಬೇಕು ಅಂತ ಮೊದಲು ಕಲಿತ್ಕೊ."

ಹೀಗೆ ಪಾಠ ಶುರುವಾಯಿತು. ಅವನಿಗೆ ಕಲಿಸಿದವನು ಕಾರ್ಖಾನೆಯ ನಂಜುಂಡಪ್ಪ. ಹಿಂದೆ ಮಂಗಳೂರಿನ ಬಂದರಿನ ಕಡೆ ಇದ್ದವನು. ಅವನು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೇಳಿದ್ದನ್ನೆಲ್ಲ ಪದ್ಮನಾಭ ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಪ್ಪಿಸುತ್ತಿದ್ದ. ಹೊಸ ಬಣ್ಣ ಕಂಡರೆ ಸಂತೋಷಪಡಬಾರದು, ಬಣ್ಣದ ಕೆಳಗೆ ಏನಿದೆ ಅಂತ ಅನುಮಾನಪಡಬೇಕು. ಇಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು, ಬೆಚ್ಚಗಿದ್ದರೆ ಎಂಥ ಮುದಿ ಇಂಜಿನ್ನೂ ಹೊತ್ತಿಕೊಳ್ಳುತ್ತದೆ. ಓಡುವಾಗ ಅದರ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಬೇಕು, ಚಿಮ್ಮದಿದ್ದರೆ ಒಳಗೇ ಕಾದು ಸುಟ್ಟುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ ಹಿಂದಿನ ಹಲಗೆ. ಇಂಜಿನ್ನು ನೇತಾಡುವುದು ಅದರ ಮೇಲೆ. ಅದು ಕೊಳೆತಿದ್ದರೆ ನಡುನೀರಿನಲ್ಲಿ ಇಂಜಿನ್ನು ಒಂದು ದಾರಿ, ನಾವು ಒಂದು ದಾರಿ.

ಅಂಬುಜಾ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿದಳು, ಮಕ್ಕಳ ಜಡೆ ಹೆಣೆಯುತ್ತ ಕೇಳಿದಳು. ಶನಿವಾರದ ಹೊತ್ತಿಗೆ ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ಅವನು ನಡುವೆ ಒಂದು ಮರೆತರೆ ಒಳಗಿನಿಂದ ಅವಳೇ ಹೇಳಿಕೊಡುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಭಾನುವಾರ ಮಕ್ಕಳನ್ನು ಪಕ್ಕದ ಮನೆಯ ಗಿರಿಜಾದೇವಿಯವರ ಹತ್ತಿರ ಬಿಟ್ಟು, ಇಬ್ಬರೂ ಎರಡು ಬಸ್ಸು ಬದಲಾಯಿಸಿ ಕೆಂಗೇರಿಗೆ ಬಂದಿಳಿದರು. ಪದ್ಮನಾಭನ ಅಂಗಿಯ ಜೇಬಿನಲ್ಲಿ ಸ್ಕ್ರೂ ಡ್ರೈವರ್ ಇತ್ತು. ಹಲಗೆಯನ್ನು ಅದರ ಹಿಡಿಯಿಂದ ತಟ್ಟಿ, ತುದಿಯಿಂದ ಚುಚ್ಚಿ ನೋಡುವುದೆಂದು ಬಸ್ಸಿನಲ್ಲಿ ಮೂರು ಸಲ ಹೇಳಿದ್ದ.

ಮುನಿರಾಜು ಊರಿನ ಹಳೆಯ ಜಮೀನುದಾರರ ಮನೆಯವನು. ಮೈಸೂರು ರಸ್ತೆಯಲ್ಲಿ ಗೊಬ್ಬರ, ಹಿಂಡಿ ಮಾರುವ ಅಂಗಡಿ ಇಟ್ಟುಕೊಂಡಿದ್ದ. ಬಿಳಿ ಪಂಚೆ, ಕೈಯಲ್ಲಿ ದೊಡ್ಡ ಗಡಿಯಾರ, ಮಾತಿಗೊಮ್ಮೆ ನಗು. "ಬನ್ನಿ ಸಾರ್, ಬನ್ನಿ ಅಕ್ಕಾ, ಬಿಸಿಲಲ್ಲಿ ಬಂದ್ರಿ. ಮೊದ್ಲು ತಿಂಡಿ ಆಗ್ಲಿ," ಎಂದು ಜಗಲಿಯ ಮೇಲೆ ಚಾಪೆ ಹಾಸಿದ. ಒಳಗಿನಿಂದ ಅವನ ತಾಯಿ ವಿಮಲಮ್ಮ ಎರಡು ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು. ಹಣೆಯ ತುಂಬ ಕುಂಕುಮವಿಟ್ಟ, ನಡುಗದ ಕೈಯ ಮುದುಕಿ. ಅಂಬುಜಾಳಿಗೆ ಹೆಣ್ಣು ನೋಡಲು ಬಂದಹಾಗೆ ಅನ್ನಿಸಿ ನಗು ಬಂತು.

"ಹುಡುಗಿ ಎಲ್ಲಿದಾಳೆ?" ಎಂದು ಗಂಡನ ಕಿವಿಯಲ್ಲಿ ಕೇಳಿದಳು.

ಅವನಿಗೆ ಕೇಳಿಸಲಿಲ್ಲ. ಅವನ ಕಣ್ಣು ಆಗಲೇ ಹಿತ್ತಿಲಿನ ಕಡೆ ಹೋಗಿತ್ತು. ಅಲ್ಲಿ ಹುಣಸೆಮರದ ಕೆಳಗೆ, ನಾಲ್ಕು ಕಲ್ಲಿನ ದಿಂಡುಗಳ ಮೇಲೆ, ಮಂಚದ ಎರಡರಷ್ಟು ಉದ್ದದ ದೋಣಿ ಕೂತಿತ್ತು. ಆಕಾಶದ ಬಣ್ಣ. ಮೂತಿಯ ಎರಡು ಕಡೆಯೂ ಬಿಳಿಯಲ್ಲಿ ಬರೆದ ಕಮಲ. ಎಲೆಗಳ ನಡುವೆ ಬಿದ್ದ ಬಿಸಿಲಿಗೆ ಅದು ಮದುಮಗಳ ಹಾಗೆ ಮಿನುಗುತ್ತಿತ್ತು.

"ನಮ್ ಚಿಕ್ಕಪ್ಪಾರು ಹರಾಜಲ್ಲಿ ತಂದಿದ್ರು ಸಾರ್," ಎಂದ ಮುನಿರಾಜು. "ಕೆರೆ ತುಂಬಿದ್ ಕಾಲ್ದಲ್ಲಿ ಬಂದವರ್ನೆಲ್ಲ ಕೂರಿಸ್ಕೊಂಡು ಸುತ್ತಿಸ್ತಿದ್ರು. ಅವ್ರು ಹೋದ್ಮೇಲೆ ಇಲ್ಲಿಗೆ ತಂದಿಟ್ವಿ. ಕಾಗದ ಎಲ್ಲಾ ನನ್ ಹೆಸರಿಗೆ ಆಗೈತೆ, ನೋಡ್ಕಳಿ. ಪಂಚಾಯ್ತಿ ಚೇರ್ಮನ್ನರಿಗೂ ಹೇಳಿದೀನಿ, ಕೆರೇಲಿ ಓಡಿಸ್ಕಳ್ಳಿ ಅಂದವ್ರೆ. ಇಡೋಕೆ ಜಾಗ ನಮ್ದೇ ಹಿತ್ಲು. ರೇಟು ಆಗ್ಲೇ ಹೇಳಿ ಕಳ್ಸಿದೀನಿ. ಇನ್ನೇನ್ ಬೇಕು?"

ಪದ್ಮನಾಭ ಕಾಗದದ ಮೇಲೆ ಕಣ್ಣಾಡಿಸಿದ, ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದ, ದೋಣಿಯ ಹತ್ತಿರ ಹೋಗಿ ಅದರ ಮೈಮೇಲೆ ಕೈಯಿಟ್ಟ. ಅಷ್ಟೆ. ಆಮೇಲೆ ಅವನು ಅಂಬುಜಾಳ ಗಂಡನಾಗಿ ಉಳಿಯಲಿಲ್ಲ, ಶ್ರೀರಂಗಪಟ್ಟಣದ ಚಡ್ಡಿ ಹುಡುಗನಾಗಿಬಿಟ್ಟ. ಒಂದೇ ನೆಗೆತಕ್ಕೆ ಒಳಗೆ ಹತ್ತಿ ಅಡ್ಡ ಹಲಗೆಯ ಮೇಲೆ ಕೂತ. ಒಮ್ಮೆ ಎಡಕ್ಕೆ ವಾಲಿದ, ಒಮ್ಮೆ ಬಲಕ್ಕೆ.

"ಅಂಬೂ, ನೋಡು! ನಾಲ್ಕು ಜನ ಆರಾಮಾಗಿ ಕೂರಬಹುದು. ಸೀತಾ ಇಲ್ಲಿ, ಪ್ರಭಾ ಇಲ್ಲಿ, ನೀನು ಮಧ್ಯ."

"ರೀ, ತಟ್ಟಿ ನೋಡಿದ್ರಾ?"

"ಆಂ? ಹೂಂ, ಹೂಂ, ತಟ್ಟೋಣ. ಬಣ್ಣ ಎಷ್ಟು ಚೆನ್ನಾಗಿದೆ ನೋಡು!"

ವಾರವಿಡೀ ಹೇಳಿದ ಪಾಠವನ್ನೆಲ್ಲ ಅವನು ಬಸ್ಸಿನಲ್ಲೇ ಬಿಟ್ಟು ಬಂದಿದ್ದ. ಜೇಬಿನ ಸ್ಕ್ರೂ ಡ್ರೈವರ್ ಜೇಬಿನಲ್ಲೇ ಇತ್ತು. ಎಲ್ಲರೆದುರಿಗೆ ನೆನಪಿಸಿದರೆ ಅವನ ಮುಖದ ಆ ಕಳೆ ಇಳಿದುಹೋಗುತ್ತದೆ. ನೆನಪಿಸದಿದ್ದರೆ ಇದರಲ್ಲಿ ಕೂರುವವರು ತನ್ನ ಮಕ್ಕಳು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಸಂತೆಗೆ ಬಂದವಳ ಹಾಗೆ ನಿಧಾನವಾಗಿ ಓಡಾಡತೊಡಗಿದಳು.

ಇಂಜಿನ್ನನ್ನು ದೋಣಿಯಿಂದ ಬಿಚ್ಚಿ, ನೀರು ತುಂಬಿದ ದೊಡ್ಡ ಡ್ರಮ್ಮಿನ ಅಂಚಿಗೆ ಹಲಗೆ ಕಟ್ಟಿ ಅದರ ಮೇಲೆ ನಿಲ್ಲಿಸಿದ್ದರು. ಮುನಿರಾಜು ಹಗ್ಗ ಸುತ್ತಿ ಒಂದೇ ಸಲ ಎಳೆದ. ಅದು ಗುರ್ರೆಂದು ಹೊತ್ತಿಕೊಂಡು, ಡ್ರಮ್ಮಿನ ನೀರನ್ನೆಲ್ಲ ಕಲಕಿ, ಮರದ ಮೇಲಿದ್ದ ಕಾಗೆಗಳನ್ನು ಎಬ್ಬಿಸಿತು.

"ಒಂದೇ ಎಳೆತ ಸಾರ್! ಒಂದೇ! ನಮ್ ಸ್ಕೂಟರ್ರು ಇಷ್ಟು ಮರ್ಯಾದೆ ಕೊಡಲ್ಲ."

ಪದ್ಮನಾಭ ಕೈ ತಟ್ಟುವುದೊಂದು ಬಾಕಿ. ಅಂಬುಜಾ ಮಾತ್ರ ಇಂಜಿನ್ನಿನ ಪಕ್ಕವನ್ನೇ ನೋಡುತ್ತಿದ್ದಳು. ಸಣ್ಣ ತೂತಿನಿಂದ ನೀರು ದಾರದ ಹಾಗೆ ಚಿಮ್ಮುತ್ತಿತ್ತು. ಅಬ್ಬ, ಇಷ್ಟು ಸರಿ. ಮುನಿರಾಜು ಆರಿಸಿದ ಮೇಲೆ ಅವಳು ಡ್ರಮ್ಮಿನ ಹತ್ತಿರ ಹೋಗಿ, ಒಲೆಯ ಮೇಲಿನ ಪಾತ್ರೆಗೆ ಕೈ ಹಿಡಿದು ನೋಡುವ ಹಾಗೆ ಇಂಜಿನ್ನಿನ ಮೇಲೆ ಅಂಗೈ ಚಾಚಿದಳು.

"ಇಷ್ಟು ಬೇಗ ಇಷ್ಟೊಂದು ಕಾಯುತ್ತಾ ಅಣ್ಣ ಇದು?"

"ಅದು ಅಕ್ಕಾ... ನೀವು ಬರೋಕ್ ಮುಂಚೆ ಒಂದ್ಸಲ ಓಡ್ಸಿದ್ದೆ. ಬೆಳಿಗ್ಗೆಯಿಂದ ಎರಡು ಮೂರು ಸಲ. ಬಂದವ್ರು ಕಾಯೋ ಹಂಗಾಗ್ಬಾರ್ದು ಅಂತ."

"ಪಾಪ, ನಮಗೋಸ್ಕರ ಎಷ್ಟು ತೊಂದ್ರೆ. ಹಾಗಾದ್ರೆ ಅದು ತಣ್ಣಗಾಗೋವರೆಗೂ ಕೂತಿರ್ತೀವಿ. ಆಮೇಲೆ ಇನ್ನೊಂದ್ಸಲ ಎಳೆದು ತೋರ್ಸಿ. ನಮ್ಮನೇವ್ರೇ ಹೇಳಿಕೊಟ್ಟಿದ್ದು, ತಣ್ಣಗಿದ್ದಾಗ ನೋಡ್ಬೇಕು ಅಂತ. ಅಲ್ವೇನ್ರೀ?"

"ಆಂ? ಹೌದು, ಹೌದು," ಎಂದ ಪದ್ಮನಾಭ ದೋಣಿಯೊಳಗಿನಿಂದ. ಅವನು ಇಲ್ಲದ ಹುಟ್ಟನ್ನು ಇಲ್ಲದ ನೀರಿನಲ್ಲಿ ಹಾಕುತ್ತಿದ್ದ.

ಮುನಿರಾಜು ತಲೆ ಕೆರೆದುಕೊಂಡು ನಕ್ಕ. "ಅಕ್ಕ ಇಂಜಿನಿಯರಿಂಗ್ ಓದವ್ರಾ ಸಾರ್?"

ಇಂಜಿನ್ನು ತಣ್ಣಗಾಗಲು ಇನ್ನೂ ಹೊತ್ತು ಬೇಕಿತ್ತು. ವಿಮಲಮ್ಮ ಅಂಬುಜಾಳನ್ನು ಕರೆದರು. "ಬಾ ತಾಯಿ, ಗಂಡಸ್ರು ಮಾತಾಡ್ಕಳ್ಳಿ. ನಮ್ ಗಿಡ ನೋಡುವಂತೆ. ಕರಿಬೇವು ಬೇಕಾ? ಕಿತ್ಕೊಡ್ತೀನಿ."

ಅವಳು ಅವರ ಹಿಂದೆ ಹೊರಟಳು. ಹಾಗೆ ಅವಳು ಹೋದ ಗಳಿಗೆಯಲ್ಲೇ ಆಗಬಾರದ್ದು ಆಯಿತು. ಮುನಿರಾಜು ಜಗಲಿಯಿಂದ ಹಿತ್ತಾಳೆ ತಟ್ಟೆ ತಂದು ದೋಣಿಯ ಅಂಚಿನ ಮೇಲೆ ಹಿಡಿದ. ಅದರಲ್ಲಿ ಚಿಗುರು ವೀಳ್ಯದೆಲೆ, ಅಡಿಕೆ, ಸುಣ್ಣ. ಹಸುವಿನ ವ್ಯಾಪಾರವಾಗಲಿ, ಹೊಲದ ವ್ಯಾಪಾರವಾಗಲಿ, ಹೆಣ್ಣು ಕೊಡುವ ಮಾತಾಗಲಿ, ಆ ಮನೆಯಲ್ಲಿ ಕೊಡುವವರ ಕೈಯಿಂದ ಎಲೆಅಡಿಕೆ ತೆಗೆದುಕೊಂಡರೆಂದರೆ ಒಪ್ಪಿದಂತೆ. ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ಇದು ಪದ್ಮನಾಭನಿಗೆ ಗೊತ್ತಿರದ ಸಂಗತಿಯೇನಲ್ಲ, ಅವರ ಊರಿನಲ್ಲೂ ಅದೇ ರೂಢಿ. ಆದರೆ ಅವನು ಆಗ ಯಾವುದೋ ಹೊಳೆಯ ನಡುವೆ ಇದ್ದ. ಕೇಸರಿಬಾತಿನ ಮೇಲೆ ಎಲೆಅಡಿಕೆ ಬಂತು ಎಂದುಕೊಂಡು, ಎರಡೆಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗೆ ಹಾಕಿಕೊಂಡುಬಿಟ್ಟ.

"ಆಯ್ತು ಸಾರ್!" ಎಂದು ಮುನಿರಾಜು ಅವನ ಕೈ ಹಿಡಿದು ಕುಲುಕಿದ. "ಮಾತು ಮುಗೀತು!"

ಕರಿಬೇವಿನ ಗಿಡದ ಹತ್ತಿರ ನಿಂತಿದ್ದ ಅಂಬುಜಾಳಿಗೆ ಆ ಕೂಗು ಕೇಳಿಸಿತು. ತಿರುಗಿ ನೋಡಿದಳು. ಗಂಡನ ಕೆನ್ನೆ ಉಬ್ಬಿತ್ತು. ಅವನೂ ಅವಳನ್ನು ನೋಡಿದ. ಅಗಿಯುತ್ತಿದ್ದ ದವಡೆ ಮೆಲ್ಲಗೆ ನಿಂತಿತು. ಈಗ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಅವಳಿಗೆ ಒಮ್ಮೆ ಅಳು ಬಂದಂತಾಯಿತು, ಮರುಕ್ಷಣ ಅವನ ಮುಖ ನೋಡಿ ನಗುವೂ ಬಂತು. ಎರಡನ್ನೂ ನುಂಗಿಕೊಂಡು ಅವಳು ದೋಣಿಯ ಹಿಂಬದಿಯಿಂದ ಸುತ್ತಿಕೊಂಡು ಬಂದಳು. ತಾನಾದರೂ ಆ ಹಲಗೆಯನ್ನು ತಟ್ಟಿ ನೋಡೋಣ ಎಂದು ಬಗ್ಗಿದಾಗ ಕಣ್ಣಿಗೆ ಬಿದ್ದದ್ದು ಹಲಗೆಯಲ್ಲ, ನೆಲ.

ಹಿತ್ತಿಲೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಹುಣಸೆಮರದ ಬುಡದಲ್ಲಿ ಒಂದು ಗರಿಕೆಯೂ ಹಸಿರಿರಲಿಲ್ಲ. ದೋಣಿಯ ಬಾಲದ ಕೆಳಗೆ ಮಾತ್ರ, ಮೊರದಷ್ಟು ಅಗಲ, ಒಂದೆಲಗ ಹಾಸಿಕೊಂಡು ಬೆಳೆದಿತ್ತು. ದುಂಡು ದುಂಡು ಎಲೆ, ಎಳಸು, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅಂಬುಜಾಳ ಕೈ ತಾನಾಗಿ ಅದಕ್ಕೆ ಹೋಯಿತು. ರಾಜಾಜಿನಗರದಲ್ಲಿ ಇಂಥದ್ದು ಎಲ್ಲಿ ಸಿಗುತ್ತದೆ?

"ಎಂಥಾ ಒಂದೆಲಗ ಅಮ್ಮಾ! ಈ ಬಿಸಿಲಲ್ಲಿ ಇಲ್ಲೊಂದೇ ಕಡೆ ಹೇಗೆ ಬಂತು?"

ವಿಮಲಮ್ಮನ ಮುಖ ಅರಳಿತು. "ಅದಾ? ಅದು ನಮ್ ದೋಣಿ ದಯ ಕಣವ್ವ. ನಾವಿದ್ನ ದನಕ್ಕೆ ನೀರು ಕುಡಿಸೋ ಬಾನಿ ಮಾಡ್ಕಂಡಿದ್ವಿ. ತುಂಬ ನೀರು ತುಂಬ್ಸಿಟ್ರೆ ಆರೂ ದನಕ್ಕೆ ಸಾಕಾಗ್ತಿತ್ತು. ಈ ತುದೀಲಿ ಮಾತ್ರ ಯಾವಾಗ್ಲೂ ತೊಟ ತೊಟ ಅಂತ ಜಿನುಗ್ತಾನೇ ಇರ್ತಿತ್ತು. ಹಂಗಾಗಿ ವರ್ಸ ಪೂರ್ತಿ ಒಂದೆಲಗಕ್ಕೆ ಬರ ಇಲ್ಲ. ಚಟ್ನಿಗೆ ಇದ್ನ ಬಿಟ್ರೆ ಇಲ್ಲ. ಮೊನ್ನೆ ಬಣ್ಣ ಹೊಡೀಬೇಕು ಅಂತ ನೀರೆಲ್ಲ ಚೆಲ್ಬಿಟ್ಟ ಇವ್ನು."

"ಅಮ್ಮಾ!" ಎಂದು ಆ ಕಡೆಯಿಂದ ಮುನಿರಾಜು ಕೂಗಿದ.

"ಏನ್ಲಾ? ಇರೋದ್ ಹೇಳಿದ್ನಪ್ಪ."

ಪದ್ಮನಾಭ ದೋಣಿಯಿಂದ ಇಳಿದ. ಬೇಲಿಯ ಹತ್ತಿರ ಹೋಗಿ ಬಾಯಲ್ಲಿದ್ದದ್ದನ್ನು ಉಗುಳಿ ಬಂದ. ಅವನ ಕಣ್ಣಿನಲ್ಲಿ ಈಗ ಹೊಳೆ ಇರಲಿಲ್ಲ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು, ಹಿಂದಿನ ಹಲಗೆಯನ್ನು ಹಿಡಿಯಿಂದ ಮೇಲಿಂದ ಕೆಳಗೆ ತಟ್ಟುತ್ತ ಬಂದ. ಟಣ್. ಟಣ್. ಟಣ್. ಕೆಳಗಿನ ಮೂಲೆಗೆ ಬಂದಾಗ, ಡಬ್. ತುದಿಯನ್ನು ಇಟ್ಟು ಒತ್ತಿದ. ಆಕಾಶದ ಬಣ್ಣ ಚಿಕ್ಕದಾಗಿ ಬಿರಿಯಿತು, ಒಳಗಿನ ಪುಟ್ಟಿ ಉದುರಿತು, ಆಮೇಲೆ ಸ್ಕ್ರೂ ಡ್ರೈವರ್ ಮೈಸೂರು ಪಾಕಿಗೆ ಚಾಕು ಇಳಿದಂತೆ ಹಿಡಿಯವರೆಗೂ ಒಳಗಿಳಿಯಿತು.

ಅವನು ಅದನ್ನು ಹೊರಗೆಳೆದು, ಅಂಟಿಬಂದ ಕಪ್ಪು ಪುಡಿಯನ್ನು ಬೆರಳಿನಲ್ಲಿ ಉಜ್ಜಿದ. ಅವನು ಆ ಪುಡಿಯನ್ನೇ ನೋಡುತ್ತ ನಿಂತದ್ದು ಅಂಬುಜಾಳಿಗೆ ನೋಡಲಾಗಲಿಲ್ಲ. ಬೈದಿದ್ದರೂ, ಕೂಗಾಡಿದ್ದರೂ ಆಗುತ್ತಿತ್ತು.

"ಸ್ವಲ್ಪ ಮೆತ್ತಗಿತ್ತು ಸಾರ್," ಎಂದ ಮುನಿರಾಜು, ಈಗ ನಗದೆ. "ಪುಟ್ಟಿ ಹಾಕಿದೀನಿ, ಗಟ್ಟಿಯಾಯ್ತದೆ ಅಂದ್ಕಂಡೆ. ನಾನೇನ್ ಬೇಕೂ ಅಂತ... ಆದ್ರೆ ಎಲೆಅಡಿಕೆ ಬಾಯಿಗೆ ಹೋಗೈತಲ್ಲ. ಹಾಕ್ಕಂಡ ಮೇಲೆ ಬೇಡ ಅನ್ನಂಗಿಲ್ಲ. ನೀವೂ ಬಲ್ಲೋರು."

"ಬಲ್ಲೆ," ಎಂದ ಪದ್ಮನಾಭ ಸಣ್ಣ ದನಿಯಲ್ಲಿ. "ತಪ್ಪು ನನ್ದೇ. ಮಾತು ಅಂದ್ರೆ ಮಾತೇ."

ಅಂಬುಜಾ ಗಂಡನ ಹತ್ತಿರಕ್ಕೆ ಬಂದಳು. ಅವನು ತಗೊಂಡುಬಿಡುತ್ತಾನೆ! ಮಾತಿಗೆ ಕಟ್ಟುಬಿದ್ದು ಇದನ್ನೇ ತಗೊಂಡು, ಮಕ್ಕಳನ್ನು ಕೂರಿಸಲಾರದೆ, ಮಾರಲಾರದೆ, ಭಾನುವಾರ ಬಂದರೆ ಮುಖ ಬಾಡಿಸಿಕೊಂಡು ಕೂರುತ್ತಾನೆ. ಅವಳು ಬಾಯಿ ತೆರೆಯುವಷ್ಟರಲ್ಲಿ ವಿಮಲಮ್ಮ ಕೈಯಲ್ಲಿದ್ದ ಕರಿಬೇವಿನ ಕಡ್ಡಿಯನ್ನೇ ಮಗನ ಕಡೆ ಚಾಚಿದರು.

"ಏನಂದೆ? ಇನ್ನೊಂದ್ಸಲ ಅನ್ನು. ಎಲೆಅಡಿಕೆ ಯಾರ್ ಕೊಟ್ಟೋರು?"

"ನಾನೇ ಕೊಟ್ಟೆ ಕಣಮ್ಮ."

"ಮತ್ತೆ? ತಕ್ಕಂಡೋರಿಗೆ ಒಂದು ಮಾತು, ಕೊಟ್ಟೋರಿಗೆ ಒಂದು ಮಾತಾ? ನಿಮ್ಮಪ್ಪ ಒದೆಯೋ ಹಸ ಮಾರಿದ್ರು. ಒದೀತದೆ ಅಂತ ಮೂರು ಸಲ ಬಾಯ್ಬಿಟ್ ಹೇಳಿ ಆಮೇಲೆ ತಟ್ಟೆ ಹಿಡಿದ್ರು. ನೀನು ತೂತಿಗೆ ಬಣ್ಣ ಬಳದು ತಟ್ಟೆ ಹಿಡ್ದಿದೀಯ. ಆ ಎಲೆ ನಿನ್ನೂ ಕಟ್ಟಾಕ್ತದೆ ಕಣ್ಲಾ. ದೋಣಿ ಕೊಡ್ತೀನಿ ಅಂದೆ ತಾನೆ? ನೀರಲ್ ನಿಲ್ಲೋದಕ್ಕೆ ದೋಣಿ ಅಂತಾರೆ. ಇದು ಬಾನಿ. ಮೊದ್ಲು ಇದ್ನ ದೋಣಿ ಮಾಡು, ಆಮೇಲೆ ಕೊಡು."

"ಅಮ್ಮ, ಹಲಗೆ ಪೂರ್ತಿ ಬದಲಾಯ್ಸಬೇಕಾಗ್ತದೆ."

"ಬದಲಾಯ್ಸು. ಬಡಗಿ ಬೈರಯ್ಯ ಸತ್ತೋಗವ್ನಾ? ಅಟ್ಟದ ಮೇಲೆ ಹೊನ್ನೆ ಮರದ ಹಲಗೆ ಇಟ್ಟಿಲ್ವಾ?" ಎಂದು ಹೇಳಿ, ಅಂಬುಜಾಳ ಕಡೆ ತಿರುಗಿ ಧ್ವನಿ ಬದಲಿಸಿದರು. "ಇದ್ರಲ್ಲಿ ಮಕ್ಳುನ್ನೂ ಕೂರಿಸ್ತೀರೇನವ್ವ?"

"ಎರಡು ಹೆಣ್ಣುಮಕ್ಕಳು ಅಮ್ಮಾ. ಈಜು ಬರಲ್ಲ."

ವಿಮಲಮ್ಮ ಮಗನನ್ನು ನೋಡಿದರು. ಅಷ್ಟೇ ಸಾಕಾಯಿತು. ಮುನಿರಾಜು ಎರಡೂ ಕೈ ಎತ್ತಿ, "ಆಯ್ತು, ಆಯ್ತು. ಸಾರ್, ಹಲಗೆ ನಾನೇ ಹಾಕ್ಸಿ ಕೊಡ್ತೀನಿ. ನಿಮ್ ಕೈಲೇ ಅಳತೆ ಕೊಡಿ," ಎಂದ.

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪದ್ಮನಾಭನ ಬೆನ್ನು ನೆಟ್ಟಗಾಯಿತು. ಒಂದು ಕಡ್ಡಿ ಹೆಕ್ಕಿಕೊಂಡು ನೆಲದ ಮೇಲೆ ಹಲಗೆಯ ಆಕಾರ ಬರೆದ, ದಪ್ಪ ಬರೆದ, ಮೊಳೆ ಎಲ್ಲಿ ಬರಬಾರದು, ತಿರುಪು ಎಲ್ಲಿ ಬರಬೇಕು ಎಂದು ಗುರುತು ಹಾಕಿದ. ಮುನಿರಾಜು ಕುಕ್ಕರುಗಾಲಿನಲ್ಲಿ ಕೂತು ಹೂಂಗುಟ್ಟಿದ. ಅಷ್ಟರಲ್ಲಿ ಇಂಜಿನ್ನು ತಣ್ಣಗಾಗಿತ್ತು. ಹಗ್ಗವನ್ನು ಒಂದು ಸಲ ಎಳೆದರೆ ಬರಲಿಲ್ಲ, ಎರಡಕ್ಕೆ ಕೆಮ್ಮಿತು, ನಾಲ್ಕನೆಯದಕ್ಕೆ ಹೊತ್ತಿಕೊಂಡಿತು.

"ನಾಲ್ಕಾದ್ರೆ ನಾಲ್ಕು," ಎಂದ ಪದ್ಮನಾಭ. "ನನಗೂ ಬೆಳಿಗ್ಗೆ ಏಳೋಕೆ ಅಷ್ಟೇ ಸಲ ಕೂಗ್ಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ಅಂಬುಜಾಳ ಮಡಿಲಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಒಂದೆಲಗವೂ ಕರಿಬೇವೂ ಇದ್ದವು. ಸುಮಾರು ದೂರ ಬಂದ ಮೇಲೆ ಪದ್ಮನಾಭ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ನಾನು ಕೈಯಿಟ್ಟ ತಕ್ಷಣ ಎಲ್ಲಾ ಮರೆತೋಯ್ತು ಕಣೇ."

"ಗೊತ್ತಾಯ್ತು."

"ನೀನೊಬ್ಳು ಇರ್ಲಿಲ್ಲ ಅಂದಿದ್ರೆ..."

"ಪಾಠ ಹೇಳಿಕೊಟ್ಟೋರು ನೀವೇ ಅಲ್ವಾ," ಎಂದಳು ಅವಳು. ಮೂಗಿನ ತುದಿಗೆ ಬಂದ ನಗುವನ್ನು ತಡೆದು, "ಎಲೆಅಡಿಕೆ ಹಾಕ್ಕೊಳ್ಳೋದು ಮಾತ್ರ ಆ ಪಾಠದಲ್ಲಿ ಇರ್ಲಿಲ್ಲ," ಎಂದು ಸೇರಿಸಿದಳು. ಅವನು ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕ.

ಯುಗಾದಿಗೆ ಮುಂಚಿನ ಒಂದು ಭಾನುವಾರ ದೋಣಿ ಎತ್ತಿನ ಗಾಡಿಯ ಮೇಲೆ ಕೆಂಗೇರಿ ಕೆರೆಯ ದಡಕ್ಕೆ ಬಂತು. ಹಿಂದೆ ಹೊಸ ಹೊನ್ನೆ ಹಲಗೆ. ಪದ್ಮನಾಭನ ಮಾತಿನಂತೆ ಅದಕ್ಕೆ ಬಣ್ಣ ಬಳಿದಿರಲಿಲ್ಲ. ಮಕ್ಕಳಿಬ್ಬರೂ ಹೊಸ ಲಂಗ ಹಾಕಿಕೊಂಡು ಬಂದಿದ್ದರು. ಇಂಜಿನ್ನು ತೂಗುಹಾಕಿದ ಮೇಲೆ ಮುನಿರಾಜು ಕೈಗಡಿಯಾರ ಬಿಚ್ಚಿ ತಾಯಿಗೆ ಕೊಟ್ಟು, ದೋಣಿಯನ್ನು ನೀರಿಗೆ ತಳ್ಳಿ ಹಿಂದಕ್ಕೆ ಸರಿದ.

"ಅಣ್ಣ, ಮೊದಲು ನೀವೂ ನಮ್ಮನೇವ್ರ ಜೊತೆ ಕೂತ್ಕೊಳ್ಳಿ," ಎಂದಳು ಅಂಬುಜಾ.

"ನಾನಾ? ನನಗೆ ಈಜು ಬರಲ್ಲ ಅಕ್ಕಾ!"

"ಅದಕ್ಕೇ ಹೇಳಿದ್ದು."

ವಿಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಮುನಿರಾಜು ಪಂಚೆ ಮೇಲೆತ್ತಿ ಕಟ್ಟಿ, ದೇವರ ಹೆಸರು ಹೇಳುತ್ತ ಹತ್ತಿ ಕೂತು, ಎರಡೂ ಕೈಯಿಂದ ಅಂಚು ಹಿಡಿದುಕೊಂಡ. ದೋಣಿ ಕೆರೆಯ ನಡುವೆ ಹೋಯಿತು, ಅಲ್ಲಿ ಇಂಜಿನ್ನು ಒಮ್ಮೆ ನಿಂತಿತು, ಮುನಿರಾಜುವಿನ ಪ್ರಾರ್ಥನೆ ದಡದವರೆಗೂ ಕೇಳಿಸಿತು. ಪದ್ಮನಾಭ ಅವಸರಪಡದೆ ಏನೋ ಬಿಚ್ಚಿ ಒರೆಸಿ ಮತ್ತೆ ಹಾಕಿ ಹಗ್ಗ ಎಳೆದ. ದೋಣಿ ಒಂದು ಸುತ್ತು ಹಾಕಿ ದಡಕ್ಕೆ ಬಂತು.

"ಈಗ ನಾವು! ಈಗ ನಾವು!" ಎಂದು ಸೀತಾ ಕುಣಿದಳು.

ಪದ್ಮನಾಭ ಇಳಿಯಲಿಲ್ಲ. ದೋಣಿಯ ತಳಕ್ಕೆ ಬಗ್ಗಿ, ಹಲಗೆಗಳು ಸೇರುವ ಜಾಗವನ್ನೆಲ್ಲ ಬೆರಳಿನಿಂದ ಸವರುತ್ತ ಹೋದ. ಎದ್ದು ನಿಂತಾಗ ಅಂಗೈ ಒದ್ದೆಯಾಗಿತ್ತು.

"ಇವತ್ತು ಬೇಡ ಮಗು," ಎಂದ. "ಮರ ಇಷ್ಟು ದಿನ ಒಣಗಿತ್ತು. ಸಂದೀಲಿ ಸ್ವಲ್ಪ ನೀರು ಬರ್ತಿದೆ. ನೀರಲ್ಲೇ ವಾರ ಪೂರ್ತಿ ಕಟ್ಟಿಟ್ರೆ ಮರ ಊದ್ಕೊಂಡು ಸಂದು ಮುಚ್ಕೊಳ್ಳುತ್ತೆ. ಮುಚ್ಕೊಂಡ್ರೆ ಮುಂದಿನ ವಾರ. ಇಲ್ದಿದ್ರೆ ಇನ್ನೊಂದು ವಾರ."

"ನೀವು ಮಾತು ಕೊಟ್ಟಿದ್ರಿ ಅಪ್ಪಾ!" ಪ್ರಭಾಳ ಕಣ್ಣಲ್ಲಿ ನೀರು.

"ಕೊಟ್ಟಿದ್ದೆ. ತಪ್ತಾ ಇದೀನಿ. ನಿಮ್ಮಮ್ಮನ ಹತ್ರ ಚಾಡಿ ಹೇಳಿ."

ಅಮ್ಮ ಚಾಡಿ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಎದೆಯೊಳಗೆ ಅಷ್ಟು ದಿನ ಆಡುತ್ತಿದ್ದ ಮುಳ್ಳು ಎಲ್ಲಿ ಹೋಯಿತೆಂದು ಅವಳು ಹುಡುಕುತ್ತಿದ್ದಳು. ಅಳುವ ಮಕ್ಕಳಿಗೆ ವಿಮಲಮ್ಮ ಕಡಲೆಮಿಠಾಯಿ ಕೊಟ್ಟರು, ಮುನಿರಾಜು ಎತ್ತಿನ ಗಾಡಿಯಲ್ಲಿ ಬಸ್ ಸ್ಟಾಪಿನವರೆಗೂ ಕೂರಿಸಿಕೊಂಡು ಹೋದ.

ಮುಂದಿನ ಭಾನುವಾರ ತಳ ಒಣಗಿತ್ತು. ಪದ್ಮನಾಭ ಸವರಿ ನೋಡಿದ, ಒಬ್ಬನೇ ಒಂದು ಸುತ್ತು ಹೋಗಿ ಬಂದು ಮತ್ತೆ ಸವರಿ ನೋಡಿದ, ಆಮೇಲೆ ಅಂಬುಜಾಳತ್ತ ನೋಡಿದ. ಅವಳು ಸೀತಾಳನ್ನು ಎತ್ತಿ ಅವನ ಕೈಗೆ ಕೊಟ್ಟಳು, ಪ್ರಭಾಳನ್ನು ಹತ್ತಿಸಿದಳು, ಸೀರೆ ಮೊಣಕಾಲ ತನಕ ಎತ್ತಿ ಹಿಡಿದು ತಾನೂ ಹತ್ತಿ ಮಧ್ಯದಲ್ಲಿ ಕೂತಳು.

ಕೆರೆಯೇನು ದೊಡ್ಡದಲ್ಲ. ಆ ತುದಿಯ ಜೊಂಡಿನ ಹತ್ತಿರ ತಿರುಗಿ, ದನ ತೊಳೆಯುವ ಮೆಟ್ಟಿಲ ಮುಂದೆ ಹಾದು, ಕೊಕ್ಕರೆಗಳನ್ನು ಎಬ್ಬಿಸಿ, ಹೊರಟಲ್ಲಿಗೇ ಬರುವ ದಾರಿ. ಗಾಳಿಗೆ ಅವಳ ಮುಡಿ ಬಿಚ್ಚಿಹೋಯಿತು. ಸೀತಾ ನೀರಿಗೆ ಬೆರಳು ಅದ್ದಿ ಕಿರುಚಿದಳು. ಹಿಂದೆ ಕೂತ ಪದ್ಮನಾಭ ಯಾವುದೋ ಹಾಡಿನ ಒಂದೇ ಸಾಲನ್ನು ಬಿಡದೆ ಗುನುಗುತ್ತಿದ್ದ. ಮನೆಯಲ್ಲಿ ಅವನು ಗುನುಗಿದ್ದನ್ನು ಅವಳು ಕೇಳಿರಲಿಲ್ಲ.

ದಡ ಹತ್ತಿರವಾಗುತ್ತಿದ್ದಂತೆ ಅವನು ಇಂಜಿನ್ನಿನ ಸದ್ದು ತಗ್ಗಿಸಿ ಕೇಳಿದ, "ಸಾಕಾ?"

ಮಕ್ಕಳು ಬಾಯಿ ತೆರೆಯುವ ಮೊದಲೇ ಅಂಬುಜಾ ಹಿಂದೆ ತಿರುಗದೆ ಹೇಳಿದಳು, "ಪೆಟ್ರೋಲ್ ಇದೆ ತಾನೆ? ಇನ್ನೊಂದು ಸುತ್ತು ಹೊಡೀರಿ."